ತಿರುಗಿಸಿಟ್ಟ ಚಿತ್ರ

ಕಣ್ಣು ಮುಚ್ಚಿ ನೆನೆಸಿಕೊಂಡದ್ದು ಎದುರಿನ ಪರದೆಯ ಮೇಲೆ ಮೂಡಿಬಿಟ್ಟರೆ ಚಿತ್ರಕಾರರ ಕೆಲಸ ಅರ್ಧ ಮುಗಿದಂತೆ ಎಂದು ಮೊದಮೊದಲು ಎಲ್ಲರೂ ಎಣಿಸಿದ್ದರು. ಧಾರವಾಡದ ಚಿತ್ರಕಲಾ ಶಾಲೆಗೆ ಹಣೆಪಟ್ಟಿಗಳು ಬಂದ ದಿನ ಡಿಜಿಟಲ್ ವಿಭಾಗದ ಹುಡುಗರು ಪಾಳಿ ಹಚ್ಚಿ ಅದನ್ನು ಕಟ್ಟಿಕೊಂಡರು. ಮನೆಯ ನಾಯಿ, ಹಳೆಯ ಮಾಸ್ತರು, ಬೆಳಿಗ್ಗೆ ತಿಂದ ಇಡ್ಲಿ ಎಲ್ಲವನ್ನೂ ಪರದೆಗೆ ತಂದು ನೋಡಿದರು. ಬಂದದ್ದು ಮಬ್ಬು. ನಾಯಿಗೆ ಮೂರೇ ಕಾಲು, ಮಾಸ್ತರಿಗೆ ಕನ್ನಡಕವಿದೆ, ಕಣ್ಣಿಲ್ಲ. ಇಡ್ಲಿ ಮಾತ್ರ ಚೆನ್ನಾಗಿ ಬಂದಿತ್ತು.

"ನಮ್ಮ ತಲ್ಯಾಗ ಇರೂದು ಇಷ್ಟ ನೋಡು," ಎಂದ ಸಮೀರ ಮುಲ್ಲಾ. "ನಾಷ್ಟಾ ಒಂದ ಖರೇ."

ನೋಡಲು ಅದು ಅಗಲವಾದ ಬಟ್ಟೆಯ ಪಟ್ಟಿಯಷ್ಟೇ. ಕಣ್ಣು ಕಂಡದ್ದನ್ನು ಅರಿಯುವ ಮಿದುಳಿನ ಭಾಗ ತಲೆಯ ಹಿಂಬದಿಯಲ್ಲಿದೆ. ಒಂದು ವಸ್ತುವನ್ನು ಎದುರಿಗಿಟ್ಟು ನೋಡಿದಾಗ ಅಲ್ಲಿ ಹೇಗೆ ಮಿಡಿಯುತ್ತದೋ, ಅದನ್ನು ನೆನೆಸಿಕೊಂಡಾಗಲೂ ಹೆಚ್ಚುಕಡಿಮೆ ಹಾಗೆಯೇ ಮಿಡಿಯುತ್ತದೆ. ಪಟ್ಟಿ ಆ ಮಿಡಿತವನ್ನು ಓದಿ, ಬೆಳಕು ನೆರಳಾಗಿ ಪರದೆಗೆ ಇಳಿಸುತ್ತದೆ. ಅದೇ ಚಿತ್ರದ ತಳದ ಪದರ, ಲೇಯರ್. ಅದರ ಮೇಲೆ ಕಲಾವಿದ ಪೆನ್ನು ಹಿಡಿದು ಬರೆಯುತ್ತ ಹೋಗಬೇಕು. ಬರೆದಷ್ಟೂ ನೆನಪು ಸ್ಪಷ್ಟವಾಗುತ್ತದೆ, ಸ್ಪಷ್ಟವಾದಷ್ಟೂ ಪಟ್ಟಿ ತಳದ ಲೇಯರನ್ನು ತಾನೇ ಹೊಸದಾಗಿ ತಿದ್ದಿಕೊಳ್ಳುತ್ತದೆ. ಡಬ್ಬಿಯ ಮೇಲೆ ಇದನ್ನೊಂದು ದೊಡ್ಡ ಅನುಕೂಲವೆಂದು ಅಚ್ಚು ಹಾಕಿದ್ದರು. ನೆನಪು ಏಕೆ ಸ್ಪಷ್ಟವಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಉಪಯೋಗಕ್ಕೆ ಬರುವ ವಸ್ತುವನ್ನು ಯಾರೂ ಅಷ್ಟೊಂದು ವಿಚಾರಿಸುವುದಿಲ್ಲ.

ದಾಕ್ಷಾಯಿಣಿ ಬಡಿಗೇರಳಿಗೆ ಅದು ಕೊನೆಯ ವರ್ಷ. ಅಂತಿಮ ಪರೀಕ್ಷೆಗೆ ಒಂದು ಕಲ್ಪಿತ ಲೋಕವನ್ನು ಪೂರ್ತಿಯಾಗಿ ಬರೆದು ಕೊಡಬೇಕಿತ್ತು. ಅದರ ಪಾತ್ರಗಳು, ಬೀದಿಗಳು, ಆಕಾಶದ ಬಣ್ಣ, ಬಾಗಿಲ ಚಿಲಕ, ಎಲ್ಲವೂ. ಸಿನಿಮಾದವರೋ ಆಟ ತಯಾರಿಸುವವರೋ ಆ ಚಿತ್ರಗಳನ್ನು ನೋಡಿ ಆ ಲೋಕವನ್ನು ಕಟ್ಟುವಂತಿರಬೇಕು. ಅವಳು ಆರಿಸಿಕೊಂಡದ್ದು ಬಾವಿ ಕೆರೆ ಬತ್ತಿಹೋದ ಒಂದು ಪಟ್ಟಣ. ಅಲ್ಲಿ ನೀರಿನ ಟ್ಯಾಂಕರ್ ಇದ್ದವನೇ ದೊರೆ.

ಯಾಕೆ ಟ್ಯಾಂಕರ್ ಎಂದು ಸಮೀರ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಳಿಯಾಳ ರಸ್ತೆಯಲ್ಲಿ ಮಗಳನ್ನು ಬಸ್ಸು ಹತ್ತಿಸಲು ಬಂದಿದ್ದ ಮೌನೇಶಪ್ಪ ಬಡಿಗೇರ, ಆಚೆ ಬದಿಯ ಗಾಡಿಯಲ್ಲಿ ಬಾಳೆಹಣ್ಣು ಕೊಳ್ಳಲೆಂದು ರಸ್ತೆ ದಾಟುವಾಗ ಅವನಿಗೆ ಟ್ಯಾಂಕರೊಂದು ಹೊಡೆದು ಹೋಗಿತ್ತು. ನಂಬರ್ ಪ್ಲೇಟ್ ಇರಲಿಲ್ಲ. ಅದು ನಿಲ್ಲಲೂ ಇಲ್ಲ. ಮುಂದಿನ ಗಾಜಿನ ಹಿಂದೆ ದಾಕ್ಷಿ ಒಂದು ಮುಖವನ್ನು ಕಂಡಿದ್ದಳು. ಅವಳೊಬ್ಬಳೇ ಕಂಡಿದ್ದಳು. ಪೊಲೀಸರು ಕೇಳಿದಾಗ, "ಕಂಡೇನ್ರೀ, ಆದ್ರ ಹೇಳಾಕ ಬರವಲ್ದು," ಎಂದು ಅತ್ತಿದ್ದಳು. ಪ್ರಕರಣ ಅಲ್ಲಿಗೇ ನಿಂತಿತ್ತು.

ತಾಯಿ ಕಾಳವ್ವ ಈಗ ಶೇಂಗಾ ಹೋಳಿಗೆ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಗಟ್ಟಿ ಹೆಂಗಸು. ಗಂಡ ಸತ್ತ ತಿಂಗಳಲ್ಲೇ ಅವನ ಉಳಿ, ಗರಗಸ, ಉಜ್ಜುಗೊರಡುಗಳನ್ನು ಎಣ್ಣೆ ಹಚ್ಚಿ ಕಟ್ಟಿಟ್ಟು, ಅವನ ಬಡಗಿ ಕೆಲಸದ ಶೆಡ್ಡಿನಲ್ಲಿ ಒಲೆ ಹೂಡಿದವಳು. ಆದರೆ ಒಂದು ಮಾತನ್ನು ಬಿಟ್ಟಿರಲಿಲ್ಲ. ಹಿಟ್ಟು ನಾದುತ್ತ ನಾದುತ್ತ ಮಗಳನ್ನು ಕೇಳುವಳು:

"ಊರಮಂದಿ ಮಾರಿ ಎಲ್ಲಾ ಬರೀತಿ. ಅಂವನ ಮಾರಿ ಒಂದು ನಿನ್ನ ಕೈಯಾಗ ಬರವಲ್ದೇನು?"

"ಬರ್ತದವ್ವಾ. ತಡಿ."

"ನಾ ತಡೀತೀನಿ. ಅಂವ ತಡೀಬೇಕಲ್ಲ."

ಹೀಗಾಗಿ ಟ್ಯಾಂಕರ್ ದೊರೆಯ ಪಾತ್ರವನ್ನು ಬರೆಯಲು ಕೂತ ದಿನ ದಾಕ್ಷಿ ಹಣೆಪಟ್ಟಿ ಕಟ್ಟಿಕೊಂಡು ಬೇರೆ ಏನನ್ನೂ ನೆನೆಸಲಿಲ್ಲ. ಆ ಬೆಳಗನ್ನು ನೆನೆದಳು. ಪರದೆಯ ಮೇಲೆ ಮೊದಲು ರಸ್ತೆ ಬಂತು, ಬೇವಿನ ಮರ ಬಂತು, ಸೈಕಲ್ ಅಂಗಡಿಯ ಮುಚ್ಚಿದ ಬಾಗಿಲು ಬಂತು. ಆಮೇಲೆ ಒಂದು ದೊಡ್ಡ ಕಪ್ಪು ಆಕಾರ. ಗಾಜಿನ ಮೇಲೆ ಆಕಾಶದ ಬಿಳುಪು. ಅದರ ಹಿಂದೆ ದುಂಡಗೆ, ಕಲಸಿದ ಮಣ್ಣಿನ ಮುದ್ದೆಯ ಹಾಗೆ ಒಂದು ಮುಖ. ಕಣ್ಣಿಲ್ಲ, ಮೂಗಿಲ್ಲ.

ಪರಿಸರದ ಚಿತ್ರ ಸುಲಭವಾಗಿ ಬಂತು. ಅವಳ ಪದ್ಧತಿ ಹೀಗೆ: ಮೊದಲು ಹೆಬ್ಬೆರಳ ಉಗುರಿನಷ್ಟು ಸಣ್ಣ ಚಿತ್ರಗಳನ್ನು ಹತ್ತಾರು ಗೀಚುವುದು. ಅದರಲ್ಲೊಂದನ್ನು ಆರಿಸಿ ಬರೀ ಬೂದುಬಣ್ಣದಲ್ಲಿ ಬೆಳಕು ನೆರಳು ಕೂರಿಸುವುದು. ಬೂದುಬಣ್ಣದಲ್ಲಿ ನಿಲ್ಲದ ಚಿತ್ರ ಬಣ್ಣದಲ್ಲೂ ನಿಲ್ಲುವುದಿಲ್ಲ ಎಂದು ಅವಳಿಗೆ ಕೈಯೇ ಕಲಿಸಿತ್ತು. ಆಮೇಲೆ ಬಣ್ಣ, ಕೊನೆಗೆ ಧೂಳು, ತುಕ್ಕು, ಬಿರುಕು. ಬೇವಿನ ಮರವನ್ನು ಒಣಗಿಸಿದಳು. ಅಂಗಡಿಯ ಬೋರ್ಡಿನ ಮೇಲೆ ತಾನೇ ಹುಟ್ಟಿಸಿದ ಒಂದು ಲಿಪಿಯನ್ನು ಬರೆದಳು. ಆಕಾಶಕ್ಕೆ ಹಳದಿ ಹಾಕಿದಳು.

ಮುಖ ಮಾತ್ರ ಬರಲಿಲ್ಲ. ಎಷ್ಟು ನೆನೆದರೂ ಮುದ್ದೆ ಮುದ್ದೆಯಾಗಿಯೇ ಉಳಿಯಿತು.

ಶನಿವಾರಗಳಂದು ಶಾಲೆಯಲ್ಲಿ ಭಾವಚಿತ್ರದ ತರಗತಿ. ಹೊರಗಿನಿಂದ ಒಬ್ಬರನ್ನು ಕರೆದು ಮಾಡೆಲ್ ಆಗಿ ಕೂರಿಸುತ್ತಿದ್ದರು. ಆ ವರ್ಷ ಬರುತ್ತಿದ್ದವನು ಫಕ್ಕೀರಪ್ಪ ಸಣ್ಣಕ್ಕಿ. ಉಳಿದ ದಿನ ಅವನೂ ನೀರಿನ ಟ್ಯಾಂಕರ್ ಓಡಿಸುವವನೇ, ಆ ಊರಲ್ಲಿ ಅದೇನೂ ಅಪರೂಪದ ಕೆಲಸವಲ್ಲ. ಎತ್ತರದ ಕೆನ್ನೆಮೂಳೆ, ಗುಳಿಬಿದ್ದ ಗಲ್ಲ, ಹುಬ್ಬಿನ ಕೆಳಗೆ ಆಳದಲ್ಲಿ ಕೂತ ಕಣ್ಣು. ಬೆಳಕು ಎಲ್ಲಿಂದ ಬಿದ್ದರೂ ಆ ಮುಖದಲ್ಲಿ ಚಿತ್ರ ಸಿಗುತ್ತಿತ್ತು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಬೇರೆ ಅವನಿಗೆ ಬರುತ್ತಿತ್ತು.

"ಫಕ್ಕೀರಪ್ಪ ಕಾಕಾ, ಗೊರಕಿ ಹೊಡೀಬ್ಯಾಡ್ರಿ, ಗಲ್ಲ ಅಲಗಾಡ್ತದ," ಎಂದ ಸಮೀರ.

"ನಾ ಎಲ್ಲಿ ಗೊರಕಿ ಹೊಡದೆ? ನಿನ್ನ ಪೆನ್ನಿನ ಸಪ್ಪಳ ಅದು."

"ನಮ್ಮ ಪೆನ್ನಿಗೆ ಸಪ್ಪಳಾನ ಇಲ್ಲರೀ."

"ಹಂಗಾದ್ರ ನಿಮ್ಮ ಮಾಸ್ತರದ್ದು." ತರಗತಿಯೆಲ್ಲ ನಕ್ಕಿತು. ಅವನು ದಾಕ್ಷಿಯತ್ತ ಕಣ್ಣಷ್ಟೇ ಹೊರಳಿಸಿ, "ಯವ್ವಾ, ನೀ ಒಬ್ಬಾಕಿ ನಗವಲ್ಲಿ. ನನ್ನ ಮಾರಿ ಚಂದ ಬರ್ಲಿ, ಮನಿಯಾಗ ತೋರ್ಸೂದೈತಿ," ಎಂದ.

ಆ ಶನಿವಾರದ ಅಭ್ಯಾಸಚಿತ್ರ ಅವಳ ಕಂಪ್ಯೂಟರಿನಲ್ಲಿತ್ತು. ಸೋಮವಾರ ಟ್ಯಾಂಕರ್ ದೊರೆಗೆ ಅದರಿಂದ ಕೆನ್ನೆಮೂಳೆಯನ್ನು ತೆಗೆದುಕೊಂಡಳು. ಇದು ಕಳವಲ್ಲ, ಎಲ್ಲರೂ ಮಾಡುವುದೇ. ಒಬ್ಬನ ಮೂಗು, ಇನ್ನೊಬ್ಬನ ಕಿವಿ, ಹಾಗೆಯೇ ಪಾತ್ರ ಹುಟ್ಟುವುದು. ಕೆನ್ನೆ ಕೂತ ಮೇಲೆ ಕಣ್ಣೂ ಅವನದೇ ಹೊಂದಿತು. ಆಮೇಲೆ ಹುಬ್ಬು. ಹಣೆಪಟ್ಟಿ ಕಟ್ಟಿಕೊಂಡೇ ಬರೆಯುತ್ತಿದ್ದಳು. ಎರಡು ವಾರ ಆಗುವಷ್ಟರಲ್ಲಿ ತಳದ ಲೇಯರಿನ ಮುದ್ದೆಗೂ ಕೆನ್ನೆ ಮೂಡಿತು, ಗುಳಿಗಣ್ಣು ಮೂಡಿತು. ದಾಕ್ಷಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ನೆನಪು ಕೊನೆಗೂ ತೆರೆದುಕೊಳ್ಳುತ್ತಿದೆ ಎಂದುಕೊಂಡಳು.

ಡಿಜಿಟಲ್ ಚಿತ್ರ ಬರೆಯುವವರಿಗೆ ಒಂದು ಚಟವಿದೆ. ಒಂದೇ ಚಿತ್ರವನ್ನು ದಿನಗಟ್ಟಲೆ ನೋಡಿ ಕಣ್ಣಿಗೆ ಸೊಟ್ಟದ್ದೂ ಸರಿಯಾಗಿ ಕಾಣತೊಡಗುತ್ತದೆ. ಅದಕ್ಕೇ ಆಗಾಗ ಒಂದು ಗುಂಡಿ ಒತ್ತಿ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡುತ್ತಾರೆ. ತಪ್ಪು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ತಿದ್ದಿ ಮತ್ತೆ ಮೊದಲಿನಂತೆ ತಿರುಗಿಸುತ್ತಾರೆ. ಕೆಲವೊಮ್ಮೆ ತಿರುಗಿಸಿದ ಚಿತ್ರವೇ ಹೆಚ್ಚು ಚೆನ್ನಾಗಿದೆ ಎನಿಸಿ ಹಾಗೆಯೇ ಬಿಡುವುದೂ ಉಂಟು, ಮರೆತು ಬಿಡುವುದೂ ಉಂಟು. ದಾಕ್ಷಿ ಯಾವಾಗಲೋ ತಿರುಗಿಸಿದಳು. ಟ್ಯಾಂಕರ್ ನುಗ್ಗಿ ಬರುವ ರಭಸ ಹೆಚ್ಚಾದಂತೆ ಕಂಡಿತು. ಹಾಗೆಯೇ ಮುಂದುವರಿಸಿ ಮುಗಿಸಿದಳು. ಕಡತ ಭಾರವಾಯಿತೆಂದು ಲೇಯರುಗಳನ್ನೆಲ್ಲ ಒಂದಾಗಿ ಬೆರೆಸಿ ಪರೀಕ್ಷೆಗೆ ಕೊಟ್ಟಳು.

ಹೊರಗಿನಿಂದ ಬಂದ ಪರೀಕ್ಷಕರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಈ ಮನುಷ್ಯನನ್ನು ನೀವು ಎಲ್ಲೋ ಕಂಡಿರಬೇಕು," ಎಂದರು. ಅವಳು ಹೌದೆಂದಳು.

ಶಾಲೆ ಮುಗಿಯಲು ಉಳಿದಿದ್ದ ಕೆಲವು ವಾರಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಶಾಲೆಯ ಗೇಟಿನಲ್ಲಿ ಫಕ್ಕೀರಪ್ಪ ಎದುರಾದರೆ ದಾಕ್ಷಿಯ ಅಂಗೈ ಬೆವರುತ್ತಿತ್ತು. ಅವನು "ಏನವಾ, ಆರಾಮೇನು?" ಎಂದರೆ ತಲೆ ತಗ್ಗಿಸಿ ಬೇಗಬೇಗ ಒಳಗೆ ಹೋಗಿಬಿಡುತ್ತಿದ್ದಳು. ಶನಿವಾರದ ತರಗತಿಯನ್ನು ತಪ್ಪಿಸತೊಡಗಿದಳು. ಯಾಕೆಂದು ಸಮೀರ ಕೇಳಿದ್ದಕ್ಕೆ, "ಅಂವ ಕಣ್ ತಕ್ಕೊಂಡ ಮಲಗೂದು ಸರಿ ಅನಸೂದಿಲ್ಲ," ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ಸ್‌ಪೆಕ್ಟರ್ ಹಿರೇಗೌಡರು ಫೋನ್ ಮಾಡಿದರು. ಕಲಾಶಾಲೆಯಲ್ಲಿ ಮಕ್ಕಳು ಕಟ್ಟಿಕೊಳ್ಳುವ ಪಟ್ಟಿಯನ್ನೇ ಹತ್ತುಪಟ್ಟು ಸೂಕ್ಷ್ಮ ಮಾಡಿ ಸರ್ಕಾರ ಹುಬ್ಬಳ್ಳಿಯಲ್ಲಿ ಸ್ಮೃತಿ ಪರೀಕ್ಷಾ ಕೇಂದ್ರವೊಂದನ್ನು ತೆರೆದಿತ್ತು. ಸಾಕ್ಷಿದಾರರ ನೆನಪನ್ನು ನೇರವಾಗಿ ಚಿತ್ರವಾಗಿ ತೆಗೆದು ನ್ಯಾಯಾಲಯಕ್ಕೆ ಕೊಡಬಹುದೆಂದು ಹೊಸ ಕಾನೂನಾಗಿತ್ತು. "ನಿಮ್ಮ ತಂದೀದು ಹಳೇ ಕೇಸ್ ಐತೆಲ್ಲಾ, ಅದನ್ನ ಹೊರಗ ತಗದೀವಿ. ಒಮ್ಮೆ ಬಂದ ಕೂಡ್ರಿ ಸಾಕು," ಎಂದರು.

ಕಾಳವ್ವ ಅಂದು ಒಲೆ ಹೊತ್ತಿಸಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟು ಮಗಳೊಡನೆ ಹೊರಟಳು.

ಕೇಂದ್ರದ ಮುಖ್ಯಸ್ಥೆ ಡಾ. ಉಜ್ವಲಾ ದೇಶಪಾಂಡೆ ಒಳ್ಳೆಯ ಮನಸ್ಸಿನವರು. ತಾಯಿಮಗಳಿಗೆ ಚಹಾ ತರಿಸಿ, ಕಾಳವ್ವನ ಕೈ ಹಿಡಿದುಕೊಂಡು, "ಬಾಯಿ ಮರೀತದ, ಹೆದರ್ತದ, ರೊಕ್ಕಕ್ಕ ಬೀಳ್ತದ. ಈ ಯಂತ್ರಕ್ಕ ಅದು ಯಾವುದೂ ಇಲ್ಲ ನೋಡ್ರಿ. ಕಂಡದ್ದನ್ನ ತೋರಸ್ತದ," ಎಂದರು. ತಣ್ಣನೆಯ ಕೋಣೆಯಲ್ಲಿ ದಾಕ್ಷಿಯ ತಲೆಗೆ ಬೆಳ್ಳಗಿನ ಟೋಪಿ ತೊಡಿಸಿದರು. ಗಾಜಿನ ಆಚೆಗೆ ನಿಯಂತ್ರಣ ಕೋಣೆ. ದೀಪ ಮಂದವಾಯಿತು.

ನೆನೆದಳು. ಮಬ್ಬಿಲ್ಲ, ಮುದ್ದೆಯಿಲ್ಲ. ಗಾಜಿನ ಹಿಂದೆ ಮುಖ ಕಣ್ಣಿಗೆ ಕಟ್ಟಿದಂತೆ ನಿಂತಿತ್ತು. ಯಂತ್ರದ ಪಕ್ಕದಲ್ಲಿ ಖಚಿತತೆಯ ಹಸಿರು ಗೆರೆ ತುದಿಮುಟ್ಟ ಏರಿತು.

"ಇಷ್ಟು ಸ್ವಚ್ಛ ನಾ ಇಲ್ಲೀತನಕ ನೋಡಿಲ್ಲ," ಎಂದರು ದೇಶಪಾಂಡೆ, ತಮಗೆ ತಾವೇ.

ಹಿರೇಗೌಡರು ಆ ಮುಖವನ್ನು ಲೈಸೆನ್ಸುಗಳ ಚಿತ್ರಗಳ ಜೊತೆ ಹೋಲಿಸಿದರು. ಊಟದ ಹೊತ್ತಿಗೆ ಹೆಸರು ಸಿಕ್ಕಿತು. ಹೆಸರು ಕೇಳುವ ಮೊದಲೇ ದಾಕ್ಷಿಗೆ ಗೊತ್ತಿತ್ತು. ಒಂದು ವರ್ಷ ಎದುರಿಗೆ ಕೂತಿದ್ದ. ನಗಿಸುತ್ತಿದ್ದ. ಯವ್ವಾ ಎನ್ನುತ್ತಿದ್ದ.

"ಅಂವನ," ಎಂದಳು. "ಅಂವನ ಇದ್ದ."

ಕಾಳವ್ವ ಪರದೆಯ ಮೇಲಿನ ಮುಖವನ್ನು ಎವೆಯಿಕ್ಕದೆ ನೋಡಿದಳು. ಅಳಲಿಲ್ಲ. ಸೆರಗು ಸರಿಮಾಡಿಕೊಂಡು, "ಇನ್ ಮ್ಯಾಲೆ ನಾ ನಿನ್ನ ಕೇಳೂದಿಲ್ಲ," ಎಂದಳು.

ಫಕ್ಕೀರಪ್ಪನನ್ನು ನೀರು ತುಂಬಿಸುವ ಜಾಗದಲ್ಲೇ ಹಿಡಿದರು. ಆ ಬೆಳಿಗ್ಗೆ ಎಲ್ಲಿದ್ದೆ ಎಂದು ಕೇಳಿದರೆ, ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಎಲ್ಲಿದ್ದೆನೆಂದು ಯಾರಿಗೆ ನೆನಪಿರುತ್ತದೆ ಸಾಹೇಬರೆ ಎಂದನಂತೆ. ಅದನ್ನು ನುಣುಚಿಕೊಳ್ಳುವ ಉತ್ತರವೆಂದು ಬರೆದುಕೊಂಡರು.

ಸಹಿಗಾಗಿ ದಾಕ್ಷಿಯನ್ನು ಮತ್ತೆ ಕೇಂದ್ರಕ್ಕೆ ಕರೆದದ್ದು ಮುಂದಿನ ವಾರ. ನಿಯಂತ್ರಣ ಕೋಣೆಯ ಮೇಜಿನ ಮೇಲೆ ದೊಡ್ಡದಾಗಿ ಮುದ್ರಿಸಿದ ನೆನಪಿನ ಚಿತ್ರವಿತ್ತು. ಹಿರೇಗೌಡರು ಅದನ್ನು ನೋಡಿ ತಲೆ ಕೆರೆದುಕೊಂಡರು.

"ಇದೇನ್ರೀ ಮೇಡಂ, ಈ ಗಾಡಿ ಫಾರಿನ್ನಿಂದ ಬಂದೈತೇನು? ಸ್ಟೇರಿಂಗ್ ಎಡಕ್ಕ ಐತಿ. ವಕೀಲ ನೋಡಿದ್ರ ಕೋರ್ಟಿನ್ಯಾಗ ನನ್ನ ಹರಾಜ ಹಾಕ್ತಾನ."

"ಯಂತ್ರ ಒಮ್ಮೊಮ್ಮೆ ಎಡಬಲ ಅದಲಿಬದಲಿ ಮಾಡ್ತದ," ಎಂದರು ದೇಶಪಾಂಡೆ. "ಅದೇನ ದೊಡ್ಡದಲ್ಲ. ತಿರುಗಿಸಿ ಹಾಕ್ರಿ."

ಹುಡುಗನೊಬ್ಬ ಗುಂಡಿ ಒತ್ತಿದ. ಪರದೆಯ ಮೇಲೆ ಚಿತ್ರ ಎಡಬಲ ತಿರುಗಿತು.

ಆ ಒಂದು ಚಲನೆಯನ್ನು ದಾಕ್ಷಿಯ ಕೈ ಗುರುತಿಸಿತು, ತಲೆ ಆಮೇಲೆ. ಸಾವಿರ ಸಲ ತಾನೇ ಒತ್ತಿದ ಗುಂಡಿ ಅದು. ಅವಳು ಬಗ್ಗಿ ನೋಡಿದಳು. ಸೈಕಲ್ ಅಂಗಡಿಯ ಬೋರ್ಡಿನ ಮೇಲೆ ಕನ್ನಡವಿರಲಿಲ್ಲ. ಅವಳೇ ಹುಟ್ಟಿಸಿದ ಲಿಪಿಯಿತ್ತು. ಬೇವಿನ ಮರ ಒಣಗಿತ್ತು. ಆಕಾಶ ಹಳದಿಯಾಗಿತ್ತು.

"ಮೇಡಂ," ಎಂದಳು, "ಇದು ನನ್ನ ನೆನಪಲ್ಲರೀ. ನನ್ನ ಚಿತ್ರ."

ಮನೆಗೆ ಓಡಿಬಂದು ಚಿತ್ರದ ಕಡತ ತೆರೆದಳು. ಲೇಯರುಗಳೆಲ್ಲ ಬೆರೆತುಹೋಗಿದ್ದವು, ಹಿಂದಿನ ಮುದ್ದೆ ಎಲ್ಲೂ ಇರಲಿಲ್ಲ. ಆದರೆ ಬರೆಯುವ ಕ್ರಮವನ್ನು ತಾನಾಗಿ ದಾಖಲಿಸುವ ವೀಡಿಯೊ ಒಂದಿತ್ತು. ವಾರಗಳ ಕೆಲಸ ಕಣ್ಣೆದುರು ಸರಸರನೆ ಓಡಿತು. ಮೊದಲು ದುಂಡು ಮುಖ. ದುಂಡಗೆ, ತುಂಬಿದ ಗಲ್ಲದ ಯಾರೋ. ಆಮೇಲೆ ಅವಳ ಪೆನ್ನು ಆ ಗಲ್ಲವನ್ನು ಕೆತ್ತಿ ಕೆನ್ನೆಮೂಳೆ ಏರಿಸಿತು. ಕಣ್ಣನ್ನು ಒಳಗೆ ತಳ್ಳಿತು. ತಳದ ಲೇಯರ್ ಪ್ರತಿಸಲವೂ ಹಿಂದಿನಿಂದ ಬಂದು ಹೊಂದಿಕೊಂಡಿತು. ಎರಡೂ ಒಂದನ್ನೊಂದು ಕೈಹಿಡಿದು ಸುಳ್ಳಿನ ಕಡೆಗೆ ನಡೆದಿದ್ದವು.

ದುಂಡು ಮುಖವನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದಳು. ಏನೂ ನೆನಪಾಗಲಿಲ್ಲ. ನೆನಪಿನಲ್ಲಿ ಫಕ್ಕೀರಪ್ಪನೇ ಸ್ಟೇರಿಂಗ್ ಹಿಡಿದು ಕೂತಿದ್ದ. ಅಪ್ಪನನ್ನು ಕೊಂದವನನ್ನು ಅವಳೇ, ತನ್ನ ಕೈಯಾರೆ, ಅಳಿಸಿ ಕಳಿಸಿದ್ದಳು.

ವೀಡಿಯೊ ನೋಡಿದ ಮೇಲೆ ಡಾ. ದೇಶಪಾಂಡೆ ಅದನ್ನು ಇನ್ನೊಮ್ಮೆ ಓಡಿಸಿ ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದರು.

"ನೆನಪು ಕಲ್ಲಲ್ಲ ದಾಕ್ಷಾಯಿಣಿ, ಹಸಿ ಮಣ್ಣು. ಹೊರಗ ತಗದಾಗೆಲ್ಲಾ ಮೆತ್ತಗ ಆಗ್ತದ. ಆಗ ಏನ ಒತ್ತತೀವಿ ಅದರ ಗುರ್ತ ಉಳೀತದ. ಇದು ಪುಸ್ತಕದಾಗ ಅದ, ನಮಗ ಗೊತ್ತಿಲ್ಲ ಅಂತಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಆದ್ರ ನೀ ಅವನ ಕೆನ್ನೀನ ಯಾಕ ಆರಿಸ್ದಿ? ತರಗತಿಯೊಳಗ ಎಷ್ಟು ಮಂದಿ ಬಂದ ಕೂತಿರ್ತಾರ. ಒಳಗ ಎಲ್ಲೋ ಗುರ್ತ ಹತ್ತಿರಬೇಕು. ಕೈ ತಾನ ಹುಡುಕಿರಬೇಕು."

"ಅವ್ರ ಮಾರಿ ಬರೀಲಿಕ್ಕೆ ಚಂದಿತ್ತರೀ, ಅಷ್ಟ."

"ಈಗ ಕಣ್ಣ ಮುಚ್ಚು. ಯಾರು ಕಾಣ್ತಾನ?"

ದಾಕ್ಷಿ ಕಣ್ಣು ಮುಚ್ಚಿದಳು. ಕಂಡವನು ಫಕ್ಕೀರಪ್ಪನೇ.

"ಈ ಕೇಂದ್ರದಿಂದ ಎಷ್ಟು ಕೇಸು ಮುಗದಾವ, ಎಷ್ಟು ಮಂದಿ ಒಳಗ ಹೋಗ್ಯಾರ ನಿನಗ ಗೊತ್ತದೇನು? ಒಂದ ದಾರ ಎಳದ್ರ ಎಲ್ಲಾ ಬಿಚ್ಚತದ," ಎಂದರು ಅವರು. ಬೆದರಿಕೆಯ ದನಿಯಲ್ಲ. ಹೆದರಿದವರ ದನಿ.

ಸರ್ಕಾರಿ ವಕೀಲರು ಇನ್ನೂ ನೇರವಾಗಿ ಹೇಳಿದರು. ಸಾಕ್ಷಿದಾರರು ನ್ಯಾಯಾಲಯದಲ್ಲಿ ಮಾತು ಬದಲಿಸುತ್ತಾರೆ ಎಂದೇ ಆ ಕಾನೂನು ಬಂದದ್ದು. ಬಾಯಿಗೂ ಯಂತ್ರಕ್ಕೂ ವ್ಯತ್ಯಾಸ ಬಂದರೆ ಯಂತ್ರದ್ದನ್ನೇ ನಂಬಬೇಕು. ನ್ಯಾಯಾಧೀಶರ ಎದುರು ಇನ್ನೊಮ್ಮೆ ಟೋಪಿ ತೊಟ್ಟು ಕೂರಬೇಕು, ಎರಡೂ ಚಿತ್ರ ಒಂದೇ ಆದರೆ ಮುಗಿಯಿತು. ಕೂರುವುದಿಲ್ಲ ಎಂದರೆ ಮೊದಲನೆಯದೇ ಸಾಕು. "ನಿಮ್ಮ ತಂದೆಯವರ ಕೇಸಮ್ಮಾ ಇದು," ಎಂದರು ಅವರು, ಅರ್ಥವಾಗದವರಂತೆ. "ನೀವು ಆರೋಪಿ ಪರ ಮಾತಾಡ್ತೀರಲ್ಲ."

ಕಾಳವ್ವನಿಗೆ ಹೇಳಲೇಬೇಕಾಯಿತು. ಅವಳು ಹೋಳಿಗೆ ಲಟ್ಟಿಸುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿದಳು.

"ಹಂಗಾರ ಖರೇ ಅಂವ ಯಾರು?"

"ಗೊತ್ತಿಲ್ಲವ್ವಾ. ಇನ್ನ ಗೊತ್ತಾಗೂದೂ ಇಲ್ಲ."

"ನೀ ಮತ್ತ ಬರೀ. ಮತ್ತ ನೆನಸು. ದುಂಡ ಮಾರಿ ಅಂದೆಲ್ಲ."

"ಬರದ್ರ ಇನ್ನೊಬ್ಬ ಫಕ್ಕೀರಪ್ಪ ಬರ್ತಾನ."

ಲಟ್ಟಣಿಗೆ ನಿಂತಿತು. "ಎರಡ ವರ್ಷಾತು, ನಾ ಒಂದ ಮಾರೀನ ಕಾದೆ. ಈಗ ಸಿಕ್ಕೈತಿ. ಅದನ್ನೂ ಕಸಗೊಂಡ ಹೋಗ್ತಿ. ಇರ್ಲಿ ಬಿಡು ಒಳಗ. ಟ್ಯಾಂಕರ್ ಹೊಡ್ಯಾಂವ ಅಲ್ಲೇನು ಅಂವನೂ? ಅವರೆಲ್ಲಾ ಹಂಗ ಹೊಡೀತಾರ."

"ಅವ್ವಾ."

"ಸುಮ್ನಿರು."

ಹೋಳಿಗೆ ಹಂಚಿನ ಮೇಲೆ ಸೀದು ಹೋಯಿತು. ಕಾಳವ್ವ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಇನ್ನೊಂದನ್ನು ಲಟ್ಟಿಸಲು ಉಂಡೆ ತೆಗೆದುಕೊಂಡಳು, ಲಟ್ಟಿಸಲಿಲ್ಲ. "ಮೊನ್ನೆ ನಾ ಠಾಣೆಕ ಹೋದಾಗ ಅಂವನ ಹೇಣ್ತಿ ಬಂದಿದ್ಳು," ಎಂದಳು ಕೊನೆಗೆ. "ಡಬ್ಬಿ ಹಿಡಕೊಂಡ ನಿಂತಿದ್ಳು. ಒಳಗ ಬಿಡಲಿಲ್ಲ. ನನ್ನ ನೋಡಿ ಕೈ ಮುಗದ್ಳು. ನಾ ಯಾರಂತ ಗೊತ್ತಿಲ್ಲ ಅಕೀಗೆ. ಯಾರೋ ಹಿರ್ಯಾಕಿ ಅಂತ ಮುಗದ್ಳು." ಕೈಗೆ ಅಂಟಿದ ಹಿಟ್ಟನ್ನು ಬೆರಳು ಬೆರಳಿಗೆ ತಿಕ್ಕಿ ಉದುರಿಸಿದಳು. "ನೀ ಏನ್ ಮಾಡ್ತಿ ಮಾಡು. ನನಗ ಹೇಳಬ್ಯಾಡ."

ದಾಕ್ಷಿ ಸಮೀರನ ಕೋಣೆಗೆ ಹೋದಳು. ಅವನೀಗ ಮಕ್ಕಳ ಆಟಗಳಿಗೆ ಹಿನ್ನೆಲೆ ಚಿತ್ರ ಬರೆದುಕೊಡುತ್ತಿದ್ದ, ಅದಕ್ಕೆಂದು ಹಣೆಪಟ್ಟಿಯೊಂದನ್ನು ಕೊಂಡಿಟ್ಟಿದ್ದ. ಕೋರ್ಟಿನ ದಿನಕ್ಕೆ ಮೂರು ವಾರವಿತ್ತು. ತಾನು ಮಾಡಬೇಕೆಂದಿರುವುದನ್ನು ಅವಳು ಹೇಳಿದಾಗ ಅವನು ತಮಾಷೆ ಮಾಡಲಿಲ್ಲ.

"ಅಂವನ ಮಾರಿ ಮ್ಯಾಲೆ ಬ್ಯಾರೇ ಮಾರಿ ಬರದ್ರ?"

"ಆ ಮಾರಿ ಇದ್ದಾಂವ ಯಾವನೋ ಒಬ್ಬ ಊರಾಗ ಇದ್ದ ಇರ್ತಾನ."

"ದಾಕ್ಷಿ, ಒಮ್ಮೆ ಬರದ್ರ ಅದ ಉಳೀತದ. ಜೀವನಪೂರ್ತಿ."

"ಗೊತ್ತೈತಿ. ಪಟ್ಟಿ ಕೊಡು."

ಖಾಲಿ ಜಾಗವನ್ನು ಬರೆಯುವುದು ಮುಖ ಬರೆಯುವುದಕ್ಕಿಂತ ಕಷ್ಟ. ಮನುಷ್ಯನನ್ನು ಅಳಿಸಿದರೆ ಅಲ್ಲೊಂದು ತೂತು ಉಳಿಯುತ್ತದೆ, ಕಣ್ಣು ಆ ತೂತಿನಲ್ಲಿ ಮತ್ತೆ ಮನುಷ್ಯನನ್ನೇ ಹುಡುಕುತ್ತದೆ. ಅಲ್ಲಿ ಯಾರೂ ಎಂದೂ ಇರಲಿಲ್ಲ ಎಂದು ನಂಬಿಸಬೇಕಾದರೆ ಅವನ ಹಿಂದೆ ಇದ್ದುದೆಲ್ಲವನ್ನೂ ಕಟ್ಟಬೇಕು. ದಾಕ್ಷಿ ಟ್ಯಾಂಕರುಗಳ ಸೀಟುಗಳನ್ನು ನೋಡಿಬಂದಳು. ಹರಿದ ರೆಕ್ಸಿನ್ನು, ಹೊರಗೆ ಇಣುಕುವ ಸ್ಪಂಜು, ಕೂತು ಕೂತು ಆದ ತಗ್ಗು. ತಗ್ಗನ್ನು ಬರೆದು ನೋಡಿ, ಅದರಲ್ಲಿ ಯಾರೋ ಕೂತಂತೆ ಕಂಡು, ಅದನ್ನೂ ಸಪಾಟು ಮಾಡಿದಳು. ಹಿಂಬದಿಯ ಸಣ್ಣ ಕಿಟಕಿಯಿಂದ ಬೆಳಗಿನ ಬೆಳಕು ನೇರ ಬಂದು ಸ್ಟೇರಿಂಗಿನ ಮೇಲೆ ಬೀಳುವಂತೆ ಮಾಡಿದಳು. ಪ್ರತಿದಿನ ಪಟ್ಟಿ ಕಟ್ಟಿಕೊಂಡು ಆ ಬೆಳಗಿಗೆ ಹೋದಳು. ಅಪ್ಪ ಪ್ರತಿಸಲ ರಸ್ತೆ ದಾಟಿದ. ಮೊದಲ ವಾರ ಫಕ್ಕೀರಪ್ಪ ಗಾಜಿನ ಹಿಂದಿನಿಂದ ಅವಳನ್ನು ನೋಡಿದ. ಆಮೇಲೆ ಅವನ ಭುಜ ಹೋಯಿತು, ಗಲ್ಲ ಹೋಯಿತು. ಆಳಗಣ್ಣುಗಳೆರಡು ಮಾತ್ರ ಸೀಟಿನ ಮೇಲೆ ಕೆಲವು ದಿನ ನಿಂತಿದ್ದವು. ಒಂದು ಮಧ್ಯಾಹ್ನ ಅವೂ ಇರಲಿಲ್ಲ.

ಅವಳು ಪೆನ್ನು ಕೆಳಗಿಟ್ಟಾಗ ಸಮೀರ ಪರದೆಯನ್ನು ನೋಡಿ, ಎದ್ದು ಹೋಗಿ ಕಿಟಕಿ ತೆರೆದ.

ಧಾರವಾಡದ ನ್ಯಾಯಾಲಯದಲ್ಲಿ ಅವಳ ತಲೆಗೆ ಟೋಪಿ ತೊಡಿಸಿದಾಗ ಡಾ. ದೇಶಪಾಂಡೆ ಯಂತ್ರದ ಹಿಂದೆ ನಿಂತಿದ್ದರು. ಆರೋಪಿಯ ಕಟಕಟೆಯಲ್ಲಿ ಫಕ್ಕೀರಪ್ಪ ಸೊರಗಿ, ಕೆನ್ನೆ ಇನ್ನಷ್ಟು ಎದ್ದು ಕಾಣುತ್ತಿದ್ದ. ದೀಪ ಮಂದವಾಯಿತು. ಗೋಡೆಯ ಪರದೆಯ ಮೇಲೆ ರಸ್ತೆ ಬಂತು. ಟ್ಯಾಂಕರ್ ಬಂತು. ಹಸಿರು ಗೆರೆ ತುದಿಮುಟ್ಟ ಏರಿತು.

ಒಳಗೆ ಯಾರೂ ಇರಲಿಲ್ಲ.

ನ್ಯಾ‍ಯಾಲಯದಲ್ಲಿ ಗುಜುಗುಜು ಎದ್ದು ಅಡಗಿತು. ನ್ಯಾಯಾಧೀಶರು ಮತ್ತೊಮ್ಮೆ ಮಾಡಿಸಿದರು. ಮತ್ತೆ ಅದೇ. ಬೆಳಕು ಬಿದ್ದ ಸ್ಟೇರಿಂಗ್, ಸಪಾಟು ಸೀಟು. ದೇಶಪಾಂಡೆ ಹಸಿರು ಗೆರೆಯನ್ನೇ ನೋಡುತ್ತಿದ್ದರು, ಆಮೇಲೆ ದಾಕ್ಷಿಯನ್ನು. ಯಾವ ಗೆರೆಯನ್ನು ನಂಬಿ ಅವರು ಇಷ್ಟು ದಿನ ಸಹಿ ಹಾಕಿದ್ದರೋ ಅದು ಈಗ ಚಾಲಕನೇ ಇಲ್ಲದ ವಾಹನವೊಂದನ್ನು ಪೂರ್ತಿ ಖಚಿತವೆಂದು ತೋರಿಸುತ್ತಿತ್ತು. ಎರಡು ಚಿತ್ರ ಹೊಂದದ ಕಾರಣ ಫಕ್ಕೀರಪ್ಪನನ್ನು ಬಿಟ್ಟರು.

ಹೊರಗೆ ಪಡಸಾಲೆಯಲ್ಲಿ ಅವನು ಹೆಂಡತಿಯ ಜೊತೆ ದಾಕ್ಷಿಯ ಎದುರು ಬಂದು ನಿಂತ. ಅವಳಿಗೆ ಈಗ ಅವನನ್ನು ಕಂಡರೆ ಏನೂ ಅನಿಸಲಿಲ್ಲ. ಅದರಿಂದಲೇ ಅವಳಿಗೆ ಹೆದರಿಕೆಯಾಯಿತು.

"ಕಾಕಾ, ನನ್ನ ಕೈಯಿಂದ ಆತು," ಎಂದಳು.

"ನಿನ್ನ ಮ್ಯಾಲೆ ಸಿಟ್ಟಿಲ್ಲವಾ," ಎಂದ ಅವನು. ಸ್ವಲ್ಪ ತಡೆದು, "ಸುಳ್ಳ ಹೇಳಿದೆ. ಐತಿ. ಇಳೀತದ. ಆದ್ರ ಇನ್ನ ನಾ ಸಾಲಿಗೆ ಬಂದ ಕೂಡೂದಿಲ್ಲ. ನನ್ನ ಮಾರಿ ನನ್ನ ಹತ್ರನ ಇರ್ಲಿ."

ಅವರು ಹೋದ ಮೇಲೆ ಕಪ್ಪು ಕೋಟಿನವನೊಬ್ಬ ಗೌರವದಿಂದ ಹತ್ತಿರ ಬಂದ. ಈ ಪ್ರಕರಣಕ್ಕೆ ಸಂಬಂಧಪಟ್ಟವನಲ್ಲ. ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ನೋಡಿದ್ದ. ಒಳ್ಳೆಯ ಅತ್ತರಿನ ವಾಸನೆ.

"ನೀವು ಕಲಾವಿದೆ ಅಂತ ಕೇಳಿದೆ," ಎಂದ ಮೆಲ್ಲಗೆ. "ನಮ್ಮ ಕಡೆ ಒಬ್ಬರು ಸಾಕ್ಷಿ ಇದಾರೆ. ಬಡ ಹೆಂಗಸು. ಆಕೆಗೆ ಚಿತ್ರ ಬರೆಯೋದು ಕಲಿಸಬೇಕು ಅಂತ ನಮ್ಮ ಕಕ್ಷಿದಾರರ ಆಸೆ. ನೀವೇ ಕಲಿಸಬೇಕಂತಿಲ್ಲ. ಹೇಗೆ ಅಂತ ಹೇಳಿದರೂ ಸಾಕು."

ದಾಕ್ಷಿ ಪಡಸಾಲೆಯ ಮೂಲೆಯಲ್ಲಿ ನಿಂತಿದ್ದ ತಾಯಿಯ ತೋಳು ಹಿಡಿದು ನಡೆದಳು. ಹಿಂದಿನಿಂದ ಅವನು, "ಪರವಾಗಿಲ್ಲ ಬಿಡಿ, ನಿಮ್ಮ ಶಾಲೆಯಲ್ಲಿ ಬೇರೆಯವರೂ ಇರ್ತಾರೆ," ಎಂದದ್ದು ಕೇಳಿಸಿತು.

ಬಸ್‌ಸ್ಟಾಪ್ ರಸ್ತೆಯ ಆಚೆಗಿತ್ತು. ಇಬ್ಬರೂ ಅಂಚಿನಲ್ಲಿ ನಿಂತರು.

"ನಿನಗ ಖರೇನ ಹಂಗ ಕಾಣ್ತದೇನು?" ಎಂದಳು ಕಾಳವ್ವ. "ಒಳಗ ಯಾರೂ ಇಲ್ಲದಂಗ?"

"ಯಾರೋ ಇದ್ರು ಅಂತ ಗೊತ್ತೈತವ್ವಾ. ಆದ್ರ ಯಾರೂ ಇರ್ಲಿಲ್ಲ."

ಇಳಿಜಾರಿನಿಂದ ನೀರಿನ ಟ್ಯಾಂಕರೊಂದು ಬರುತ್ತಿತ್ತು. ದೂರವಿತ್ತು, ನಿಧಾನವಾಗಿಯೇ ಬರುತ್ತಿತ್ತು, ದಾಟಲು ಬೇಕಾದಷ್ಟು ಸಮಯವಿತ್ತು. ಅದರ ಗಾಜಿನ ಮೇಲೆ ಬಿಸಿಲು ಹೊಡೆದು ಬರೀ ಬಿಳುಪು ಕಾಣುತ್ತಿತ್ತು. ದಾಕ್ಷಿ ಕಾಲು ಕಿತ್ತಿಡಲಿಲ್ಲ. ತಾಯಿಯ ತೋಳಿನ ಮೇಲೆ ಅವಳ ಬೆರಳುಗಳು ಬಿಗಿಯಾದವು. ಟ್ಯಾಂಕರ್ ಹತ್ತಿರ ಬಂತು, ಬ್ರೇಕ್ ಹಾಕಿ ಅವರಿಗಾಗಿ ನಿಂತಿತು, ಹಾರ್ನ್ ಮಾಡಿತು. ಅವಳು ಆ ಬಿಳಿ ಗಾಜನ್ನೇ ನೋಡುತ್ತ ನಿಂತಿದ್ದಳು.

ಕಾಳವ್ವ ಮಗಳ ಮುಖ ನೋಡಿದಳು. ಆಮೇಲೆ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಗಾಡಿಯ ಒಳಗೆ ನೋಡಿದಳು.

"ಮನಷ್ಯಾ ಅದಾನ ಒಳಗ," ಎಂದಳು. "ಬಾ, ದಾಟು."